ಮುನ್ನೂರ ಹನ್ನೆರಡನೆಯ ಮೀಟರು

ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ಕಲ್ಲು ಕೊಯ್ಯುವ ಶೆಡ್ಡಿನ ಕೈತೊಳೆಯುವ ತೊಟ್ಟಿಯ ಎದುರು, ಮೂವರು ಸಾಕ್ಷಿಗಳ ಸಮಕ್ಷಮದಲ್ಲಿ ಒಂದು ಮಹತ್ವದ ತೀರ್ಮಾನವಾಯಿತು: ಮಾವನ ಉಂಗುರ ಸೋಪಿಗೆ ಬಗ್ಗುವುದಿಲ್ಲ. ಹಿಂದಿನ ವಾರಗಳಲ್ಲಿ ಗ್ರೀಸು, ಅಡುಗೆ ಎಣ್ಣೆ, ಐಸು, ನೂಲು ಎಲ್ಲವೂ ಸರದಿಯಂತೆ ಬಂದು ಸೋತು ಹೋಗಿದ್ದವು. ಸೋಪು ಕೊನೆಯ ಮೇಲ್ಮನವಿ. ಅದೂ ವಜಾ ಆದ ಮೇಲೆ, ಬಾಗಿಲಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ಕೂರುವ, ಆ ಕಾರಣಕ್ಕೇ ಎಲ್ಲರಿಂದ ರಿಜಿಸ್ಟರಮ್ಮ ಎನಿಸಿಕೊಂಡ ಹೆಂಗಸು, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಬೆರಳನ್ನು ಎರಡೂ ಕಡೆಯಿಂದ ಪರಿಶೀಲಿಸಿದಳು.

"ಪ್ಲಾಸ್ಟರ್ ಸುತ್ಕೊಂಡು ಬನ್ನಿ ಮಾವ. ಕಣ್ಣಿಗೆ ಬೀಳದೇ ಇರೋದನ್ನ ನಾನು ಬರ್ಕೊಳ್ಳಲ್ಲ."

ಅವಳ ಪುಸ್ತಕದಲ್ಲಿ ಹೆಸರು, ವೇಳೆ, ಸಹಿಗಳ ಪಕ್ಕ 'ಮೈಮೇಲೆ ಚಿನ್ನವಿಲ್ಲ' ಎಂಬ ಕಾಲಮ್ಮು ಇತ್ತು. ಶೆಡ್ಡಿನೊಳಗೆ ಕಾಲಿಡುವವರೆಲ್ಲ, ದೊಡ್ಡ ಸಾಹೇಬರೂ ಸೇರಿ, ಅಲ್ಲಿ ಗೀಟು ಹಾಕಲೇಬೇಕು. ಕಾರಣ ಸರಳ. ಆ ಕಂಪನಿ ಹುಡುಕುತ್ತಿದ್ದುದು ಚಿನ್ನವನ್ನೇ. ಆದರೆ ಒಂದು ಟನ್ನು ಕಲ್ಲಿನಲ್ಲಿ ಐದು ಗ್ರಾಂ ಇದ್ದರೆ ದೊಡ್ಡ ಸುದ್ದಿ. ಅಷ್ಟು ಸಣ್ಣ ಲೆಕ್ಕದೊಳಗೆ ಯಾರದೋ ಓಲೆಯ ಒಂದು ಕಣ ಸೇರಿಕೊಂಡರೆ ಇಡೀ ಗುಡ್ಡವೇ ಬಂಗಾರವಾಗಿ ಕಾಣುತ್ತದೆ. ಹೀಗಾಗಿ ಚಿನ್ನ ಹುಡುಕುವ ಆ ಮೂವತ್ತು ಜನರ ಮೈಮೇಲೆ, ಇಡೀ ಊರಿನಲ್ಲೇ ಅತಿ ಕಡಿಮೆ ಚಿನ್ನವಿತ್ತು.

ಮಾವ ಪ್ಲಾಸ್ಟರ್ ಸುತ್ತಿಕೊಂಡು ಬಂದು ಗೀಟು ಹಾಕಿದ. ಅದಾದ ಮೇಲೆ ಪ್ರತಿದಿನ ಹಾಗೇ ಮಾಡಿದ.

ಮಾವನಿಗೆ ಅರವತ್ತೊಂದು. ಮೊದಲು ಬಡಗಿಯಾಗಿದ್ದವನು, ಮರ ಬಿಟ್ಟು ಕಲ್ಲಿಗೆ ಬಂದು ಕೆಲವೇ ವಾರವಾಗಿತ್ತು. ಭೂಮಿಯಿಂದ ಕೊರೆದು ತೆಗೆದ, ಮಣಿಕಟ್ಟು ದಪ್ಪದ ಕಲ್ಲಿನ ಕೋಲುಗಳನ್ನು ಗರಗಸದಲ್ಲಿ ಉದ್ದಕ್ಕೆ ಎರಡು ಹೋಳು ಮಾಡುವುದು ಅವನ ಕೆಲಸ. ಒಂದು ಹೋಳು ಚೀಲಕ್ಕೆ ಹೋಗಿ ಪ್ರಯೋಗಾಲಯ ಸೇರುತ್ತಿತ್ತು. ಇನ್ನೊಂದು ತಗಡಿನ ಟ್ರೇಯಲ್ಲಿ ಸಾಕ್ಷಿಗಾಗಿ ಉಳಿಯುತ್ತಿತ್ತು. ಯಾವುದು ಚೀಲಕ್ಕೆ, ಯಾವುದು ಟ್ರೇಗೆ ಎಂದು ಕೊಯ್ಯುವವನು ಯೋಚಿಸಕೂಡದು. ಬಲಗಡೆಯದು ಚೀಲಕ್ಕೆ, ಅಷ್ಟೇ. ಈ ಕೆಲಸಕ್ಕೆ ಅವನನ್ನು ಸೇರಿಸಿದವಳು ಅವನ ಅಕ್ಕನ ಮಗಳು. ಅವಳು ಅಲ್ಲಿನ ಭೂವಿಜ್ಞಾನಿ. ನಲವತ್ತಮೂರು ವರ್ಷದ, ಬೂಟು ಹಾಕಿಕೊಂಡೇ ಹುಟ್ಟಿದಂತಿದ್ದ ಹೆಂಗಸು. ಎಲ್ಲರಿಗೂ ಅವಳು ಮೇಡಮ್, ಅವನಿಗೆ ಮಾತ್ರ ಪುಟ್ಟಿ. ಮೊದಲ ದಿನ ಅವಳು ಅಭ್ಯಾಸಬಲದಿಂದ "ಮಾವ, ಈ ಕಡೆ ಬಾ" ಎಂದು ಕರೆದದ್ದೇ ತಡ, ಇಡೀ ಶೆಡ್ಡಿಗೆ ಅವನು ಮಾವನಾಗಿಬಿಟ್ಟ. ಲಾರಿ ಡ್ರೈವರ್ ಅವನಿಗಿಂತ ಎರಡು ವರ್ಷ ದೊಡ್ಡವನು; ಅವನೂ ಹಾಗೇ ಕರೆಯುತ್ತಿದ್ದ.

ಉಂಗುರವನ್ನು ಕೊಡಿಸಿದವಳು ಮಾವನ ಹೆಂಡತಿ. ಹೊಲಿಗೆಯಲ್ಲಿ ಬಂದ ಮೊದಲ ದುಡ್ಡಿನಲ್ಲಿ, ಮೂವತ್ತೊಂದು ವರ್ಷದ ಹಿಂದೆ. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಅಷ್ಟರಲ್ಲಿ ಬೆರಳು ದಪ್ಪವಾಗಿ, ಗಂಟು ಊದಿ, ಬೆರಳೂ ಉಂಗುರವೂ ಬೇರ್ಪಡಿಸಲಾಗದಷ್ಟು ಹೊಂದಿಕೊಂಡಿದ್ದವು. ಕತ್ತರಿಸಿ ತೆಗೆಸಬಹುದಿತ್ತು. ಆ ಮಾತು ಬಂದಾಗಲೆಲ್ಲ ಮಾವ ಗರಗಸ ಶುರುಮಾಡುತ್ತಿದ್ದ. ಆ ಸದ್ದಿನಲ್ಲಿ ಯಾವ ಮಾತೂ ಕೇಳುವಂತಿರಲಿಲ್ಲ.

ಆ ಗುಡ್ಡ ಒಂದು ಕಾಲದಲ್ಲಿ ಬೆಂಕಿ ಉಗುಳಿ, ಈಗ ಲಕ್ಷಾಂತರ ವರ್ಷಗಳಿಂದ ತೆಪ್ಪಗಿದ್ದ ಜ್ವಾಲಾಮುಖಿ. ಕಂಪನಿ ಅದರಲ್ಲಿ ಹನ್ನೊಂದು ರಂಧ್ರ ಕೊರೆದಿತ್ತು. ಎಲ್ಲವೂ ಇನ್ನೂರು ಮೀಟರಿಗೆ ನಿಂತಿದ್ದವು; ಎಲ್ಲದರಲ್ಲೂ ಕಲ್ಲು, ಚೂರುಪಾರು ಬೆಳ್ಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಚಿನ್ನ ಇನ್ನೂ ಕೆಳಗಿದೆ ಎಂದು ಪುಟ್ಟಿ ಒಂಬತ್ತು ವರ್ಷದಿಂದ ಬರೆಯುತ್ತಲೇ ಇದ್ದಳು. ಮುಖ್ಯ ಕಚೇರಿಯವರು ಅವಳ ವರದಿಗಳನ್ನು ಬಹಳ ಗೌರವದಿಂದ ಫೈಲಿಗೆ ಹಾಕುತ್ತಿದ್ದರು. ಕೊನೆಗೆ, ಅವಳ ಬಾಯಿ ಮುಚ್ಚಿಸಲೆಂದೇ ಇರಬೇಕು, ಹನ್ನೆರಡನೆಯ ರಂಧ್ರವನ್ನು ಮುನ್ನೂರ ಐವತ್ತು ಮೀಟರು ಕೊರೆಯಲು ಒಪ್ಪಿಗೆ ಬಂತು. ಅದರಲ್ಲಿ ಸಿಕ್ಕರೆ ಪಕ್ಕದಲ್ಲಿ ಹದಿಮೂರನೆಯದು. ಸಿಗದಿದ್ದರೆ ಕೊರೆಯುವ ಯಂತ್ರ ಲಾರಿ ಹತ್ತುತ್ತದೆ.

ಊಟದ ಹೊತ್ತಿಗೆ ಮಾವ ಒಮ್ಮೆ ಕೇಳಿದ, "ಅಲ್ಲ ಪುಟ್ಟಿ, ಕೆಳಗೇ ಇದೆ ಅಂತ ಅಷ್ಟು ಗಟ್ಟಿಯಾಗಿ ಹೆಂಗೆ ಹೇಳ್ತೀಯ? ನೀನೇನು ಹೋಗಿ ನೋಡ್ಕೊಂಡು ಬಂದ್ಯಾ?"

"ನೀರು ಕೆಳಗೆ ಹೋಗುತ್ತೆ ಮಾವ. ಬರೀ ಮಳೆ ನೀರು. ಬಿರುಕಲ್ಲಿ ಇಳೀತಾ ಇಳೀತಾ ಒಂದೆರಡು ಕಿಲೋಮೀಟರು. ಆಗಿನ ಕಾಲದಲ್ಲಿ ಅಲ್ಲಿ ಕರಗಿದ ಕಲ್ಲಿತ್ತು, ಆ ಬಿಸಿ ತಾಗೋದು."

"ಹಂಗಾದ್ರೆ ಕುದೀಬೇಕಲ್ಲ."

"ಕುದಿಯಕ್ಕೆ ಬಿಡಲ್ಲ. ಮೇಲಿರೋ ನೀರಿನ ಭಾರ ಅದರ ತಲೆ ಮೇಲೆ ಕೂತಿರುತ್ತೆ. ಇನ್ನೂರೈವತ್ತು ಡಿಗ್ರಿ ಆದ್ರೂ ಉಸಿರೆತ್ತಂಗಿಲ್ಲ."

"ನಮ್ಮ ರಿಜಿಸ್ಟರಮ್ಮನ ಯಜಮಾನರ ಹಾಗೆ."

"ಕೇಳಿಸ್ತು," ಎಂದಳು ರಿಜಿಸ್ಟರಮ್ಮ, ಮೇಜಿನ ಆ ಕೊನೆಯಿಂದ.

"ಆ ನೀರಲ್ಲಿ ಗಂಧಕ ಇರುತ್ತೆ," ಪುಟ್ಟಿ ಮುಂದುವರಿಸಿದಳು. "ಕೆಳಗಿರೋ ಚೂರುಪಾರು ಚಿನ್ನಾನ ಗಂಧಕ ಕೈ ಹಿಡಿದು ಮೇಲಕ್ಕೆ ಕರ್ಕೊಂಡು ಬರುತ್ತೆ. ಮೇಲೆ ಬರ್ತಾ ಬರ್ತಾ ಭಾರ ಕಮ್ಮಿಯಾಗುತ್ತೆ. ಒಂದು ಮಟ್ಟಕ್ಕೆ ಬಂದಾಗ ತಡೆಯಕ್ಕಾಗದೆ ನೀರು ಕುದ್ದುಬಿಡುತ್ತೆ. ಕುದೀತೋ, ಗಂಧಕ ಹಬೆ ಜೊತೆ ಹಾರಿಹೋಯ್ತು."

"ಚಿನ್ನಕ್ಕೆ ಕೈ ಕೊಡ್ತು ಅನ್ನು."

"ಕೈ ಕೊಡ್ತು. ಚಿನ್ನ ಇನ್ನೇನು ಮಾಡುತ್ತೆ, ಅಲ್ಲೇ ಬಿರುಕಿನ ಗೋಡೆಗೆ ಅಂಟ್ಕೊಂಡು ಕೂತ್ಕೊಳ್ಳುತ್ತೆ. ಮೇಲೆ ಹುಡುಕಿದ್ರೂ ಇಲ್ಲ, ತೀರ ಕೆಳಗೆ ಹೋದ್ರೂ ಇಲ್ಲ. ಕುದ್ದ ಜಾಗದಲ್ಲಿ ಮಾತ್ರ."

ಅವಳು ಜೇಬಿನಿಂದ ಒಂದು ಚೂರು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ತೆಳ್ಳನೆಯ ಹರಳುಗಳು, ಚಾಕುವಿನ ಅಲಗುಗಳನ್ನು ರಾಶಿ ಹಾಕಿದಂತೆ, ಅಡ್ಡಾದಿಡ್ಡಿ ನಿಂತಿದ್ದವು. ನೀರು ಕುದಿದ ಕಡೆ ಮಾತ್ರ ಸುಣ್ಣದ ಹರಳು ಹೀಗೆ ಅಲಗಾಗಿ ಬೆಳೆಯುತ್ತದೆ ಎಂದಳು. ಹನ್ನೆರಡನೆಯ ರಂಧ್ರದ ಇನ್ನೂರ ಎಂಬತ್ತನೇ ಮೀಟರಿನಿಂದ ಅದು ಸಿಗಲು ತೊಡಗಿತ್ತು. ಒಂಬತ್ತು ವರ್ಷದಲ್ಲಿ ಅವಳು ಅನ್ನವನ್ನು ಅರ್ಧಕ್ಕೆ ಬಿಟ್ಟು ಮಾತಾಡಿದ್ದು ಅದೇ ಮೊದಲು.

"ಹಳದಿ ಕಂಡ ತಕ್ಷಣ ಹೇಳ್ತೀನಿ ಬಿಡು," ಎಂದ ಮಾವ.

"ಹಳದಿ ಕಾಣಲ್ಲ ಮಾವ. ಅಷ್ಟು ನುಣ್ಣಗಿರುತ್ತೆ. ಬೆಳ್ಳಿ ಜೊತೆ ಸೇರಿ ಕಪ್ಪಗೆ ಗೆರೆ ಎಳೆದ ಹಾಗಿರುತ್ತೆ, ಪಾತ್ರೆ ತಳದ ಮಸಿ ಇದ್ದಂಗೆ. ಬಿಳಿ ಕಲ್ಲಲ್ಲಿ ಕಪ್ಪು ಗೆರೆ. ನನಗೆ ಬೇಕಾಗಿರೋದು ಅದು."

ಇದನ್ನು ಅವಳು ಯಾರಿಗೆ ಬೇಕಾದರೂ ಹೇಳಬಹುದಿತ್ತು. ಹೇಳಬಾರದಿದ್ದುದು ಕಲ್ಲು ಕೊಯ್ಯುವವನಿಗೆ ಮಾತ್ರ.

ಹನ್ನೊಂದು ದಿನದ ನಂತರ ಮುನ್ನೂರ ಹನ್ನೆರಡನೆಯ ಮೀಟರು ಶೆಡ್ಡಿಗೆ ಬಂತು. ಕೋಲಾಗಿ ಬರಲಿಲ್ಲ, ಚೂರಾಗಿ, ಪುಡಿಯಾಗಿ, ಟ್ರೇಯ ತುಂಬ ಹರಡಿಕೊಂಡು ಬಂತು. ಬಿಳಿ ಚೂರುಗಳ ನಡುವೆ ಕಪ್ಪು ಗೆರೆಯಿದ್ದ ಚೂರುಗಳು. ಅಂಥದನ್ನು ಗರಗಸದಲ್ಲಿ ಕೊಯ್ಯಲಾಗುವುದಿಲ್ಲ. ಅದಕ್ಕೂ ನಿಯಮವಿತ್ತು: ಎಲ್ಲವನ್ನೂ ಕಲಸಿ ಗುಡ್ಡೆ ಮಾಡಬೇಕು, ತಗಡಿನ ಪಟ್ಟಿಯಿಂದ ನಾಲ್ಕು ಪಾಲು ಮಾಡಬೇಕು, ಎದುರುಬದುರು ಪಾಲುಗಳನ್ನು ಚೀಲಕ್ಕೆ ಹಾಕಬೇಕು. ಕೈಯಲ್ಲಿ ಆರಿಸಕೂಡದು.

ಪುಟ್ಟಿ ಆಗ ಗುಡ್ಡದ ಮೇಲಿದ್ದಳು. ಮಾವ ಟ್ರೇಯ ಎದುರು ಸ್ಟೂಲು ಎಳೆದುಕೊಂಡು ಕುಳಿತ. ಕೈಗವಸಿನಲ್ಲಿ ಚೂರು ಹಿಡಿತಕ್ಕೆ ಬರಲಿಲ್ಲವೆಂದು ಅದನ್ನು ಕಳಚಿಟ್ಟ. ಬೆಳಿಗ್ಗೆಯಿಂದ ಗರಗಸದ ನೀರಿನಲ್ಲಿ ನೆಂದ ಪ್ಲಾಸ್ಟರು ಕೈಗವಸಿನ ಒಳಗೇ ಉಳಿಯಿತು. ಅದನ್ನು ಅವನು ಗಮನಿಸಲಿಲ್ಲ. ಗಮನವೆಲ್ಲ ಕಪ್ಪು ಗೆರೆಯ ಮೇಲಿತ್ತು. ಮುಕ್ಕಾಲು ಗಂಟೆ ಕುಳಿತು, ತನ್ನ ಆಯುಷ್ಯದಲ್ಲಿ ಯಾವ ಮರದ ಜೋಡಣೆಗೂ ತೋರದ ಶ್ರದ್ಧೆಯಿಂದ, ಮೂರು ಕಿಲೋ ತೂಗಿ ಚೀಲ ಕಟ್ಟಿದ.

ಹದಿನೇಳನೇ ದಿನ ಫಲಿತಾಂಶ ಬಂತು. ಮುನ್ನೂರ ಹನ್ನೆರಡರಿಂದ ಮುನ್ನೂರ ಹದಿಮೂರು: ಟನ್ನಿಗೆ ನಲವತ್ತೊಂದು ಗ್ರಾಂ.

ಪುಟ್ಟಿ ಆ ಹಾಳೆಯನ್ನು ಮೂರು ಸಲ ಓದಿ, ಮಡಚಿ ಜೇಬಿಗಿಟ್ಟು, ಶೆಡ್ಡಿನ ಹಿಂದೆ ಹೋಗಿ ಹತ್ತು ನಿಮಿಷ ಒಬ್ಬಳೇ ನಿಂತು ಬಂದಳು. ಮುಖ್ಯ ಕಚೇರಿಯಿಂದ ಫೋನ್ ಬಂತು. ಅವಳ ಹಳೆಯ ವರದಿಗಳನ್ನು ತಾವು ಮೊದಲಿನಿಂದಲೂ ನಂಬಿದ್ದಾಗಿ ಮೂವರು ಬೇರೆ ಬೇರೆಯಾಗಿ ಹೇಳಿದರು. ಹದಿಮೂರನೆಯ ರಂಧ್ರಕ್ಕೆ ಜಾಗ ಗುರುತಿಸಿ ಗೂಟ ಹೊಡೆದದ್ದೂ ಆಯಿತು. ಮಾವ ಆ ವಾರ ಶೆಡ್ಡಿನಲ್ಲಿ ತಲೆಯೆತ್ತಿ ಓಡಾಡಿದ. ಆದರೆ ಯಾಕೆಂದು ಯಾರಿಗೂ ಹೇಳಲಿಲ್ಲ.

ಹತ್ತು ಗ್ರಾಂ ಮೀರಿದ ಯಾವ ಫಲಿತಾಂಶವನ್ನೂ ಹೊರಗಿನವರು ಬಂದು ಪರಿಶೀಲಿಸದೆ ಒಪ್ಪಿಕೊಳ್ಳುವಂತಿಲ್ಲ. ಹಾಗಾಗಿ ಪರಿಶೀಲನಾಧಿಕಾರಿ ಬಂದರು. ಸಣಕಲು ದೇಹದ, ತೀರ ಸಭ್ಯ ಮನುಷ್ಯ. ಕುರ್ಚಿಯಲ್ಲಿ ಕೂರುವ ಮೊದಲು ಕುರ್ಚಿಗೇ ಅನುಮತಿ ಕೇಳುವಂತಿದ್ದರು. ಎರಡು ದಿನ ಪುಸ್ತಕ ನೋಡಿದರು, ತಕ್ಕಡಿ ನೋಡಿದರು, ಚೀಲದ ದಾರದ ಗಂಟನ್ನೂ ನೋಡಿದರು. ಮೂರನೇ ದಿನ ಮಾವ ಅವರಿಗೆ ಕಾಫಿ ಲೋಟ ಚಾಚಿದ. ಅಧಿಕಾರಿ ಲೋಟವನ್ನು ತೆಗೆದುಕೊಳ್ಳಲಿಲ್ಲ.

"ಇದೇನು ಯಜಮಾನರೇ, ಬೆರಳಿಗೆ ಪೆಟ್ಟಾಗಿದೆಯಾ?"

ಮಾವ ಬಡಗಿ, ಸುಳ್ಳು ಹೇಳುವ ಕಸುಬು ಕಲಿತವನಲ್ಲ. "ಇಲ್ಲ ಸಾರ್. ಒಳಗೆ ಉಂಗುರ ಇದೆ," ಎಂದ.

ಅಧಿಕಾರಿ ರಿಜಿಸ್ಟರನ್ನು ತರಿಸಿದರು. ಇನ್ನೂರ ಹನ್ನೆರಡು ದಿನ, ಇನ್ನೂರ ಹನ್ನೆರಡು ಗೀಟು. ರಿಜಿಸ್ಟರಮ್ಮ ಕನ್ನಡಕವನ್ನು ಹಣೆಗೇರಿಸಿಕೊಂಡು ದೂರದ ಗೋಡೆಯನ್ನು ನೋಡುತ್ತ ನಿಂತಳು. ಕಣ್ಣಿಗೆ ಬೀಳದ್ದನ್ನು ಬರೆದುಕೊಳ್ಳುವುದಿಲ್ಲ ಎಂಬ ತನ್ನ ನೀತಿಯನ್ನು ಅವಳು ಈಗ ಯಾಕೋ ವಿವರಿಸಲಿಲ್ಲ.

"ಇಷ್ಟೊಂದು ಕಲ್ಲಿಗೆ ಒಂದು ಉಂಗುರ ಏನ್ ಮಾಡುತ್ತೆ ಸಾರ್?" ಎಂದಳು ಪುಟ್ಟಿ. ಉತ್ತರ ಅವಳಿಗೆ ಗೊತ್ತಿತ್ತು.

"ಚೀಲದಲ್ಲಿರೋದು ಮೂರು ಕಿಲೋ ನಿಜ. ಆದ್ರೆ ಅದನ್ನ ಹಿಟ್ಟು ಮಾಡಿ ಕೊನೆಗೆ ಅವರು ಕುಲುಮೆಗೆ ಹಾಕೋದು ಐವತ್ತು ಗ್ರಾಂ. ಆ ಐವತ್ತರಲ್ಲಿ ಎರಡು ಮಿಲಿಗ್ರಾಂ ಚಿನ್ನ ಇದ್ರೆ ನಿಮ್ಮ ನಲವತ್ತೊಂದು ಬಂತು. ಎರಡು ಮಿಲಿಗ್ರಾಂ ಅಂದ್ರೆ ಒಂದು ಸೊಳ್ಳೆ ತೂಕ ಮೇಡಮ್."

"ಬೆಳ್ಳೀನೂ ಜಾಸ್ತಿ ಬಂದಿದೆಯಲ್ಲ. ಅವನ ಉಂಗುರದಲ್ಲಿ ಅಷ್ಟು ಬೆಳ್ಳಿ ಎಲ್ಲಿಂದ ಬರಬೇಕು?"

ಅಧಿಕಾರಿ ಅದನ್ನು ಬರೆದುಕೊಂಡರು. "ನಿಮ್ಮ ಗುಡ್ಡದ ಎಲ್ಲಾ ರಂಧ್ರದಲ್ಲೂ ಬೆಳ್ಳಿ ಇದೆ ಮೇಡಮ್. ಬೆಳ್ಳಿ ಬಗ್ಗೆ ಯಾರೂ ಜಗಳ ಆಡ್ತಿಲ್ಲ. ಟ್ರೇಯಲ್ಲಿ ಇನ್ನೊಂದು ಅರ್ಧ ಇದೆಯಲ್ಲ, ಕಳಿಸೋಣ. ಅದರಲ್ಲೂ ಇದ್ರೆ ಉಂಗುರದ ಮಾತೇ ಬರಲ್ಲ."

ಇದು ನ್ಯಾಯವಾದ ಮಾತು. ಪುಟ್ಟಿಯ ಮುಖ ಸ್ವಲ್ಪ ಗೆಲುವಾಯಿತು. ಮಾವನ ಮುಖ ಮಾತ್ರ ಆಗ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. ಅದು ಉಂಗುರದ ಅವಮಾನ ಎಂದು ಎಲ್ಲರೂ ತಿಳಿದರು.

ಮರುದಿನ ಅವನು ರಜೆ ಹಾಕಿ ಅಕ್ಕಸಾಲಿಗನ ಅಂಗಡಿಗೆ ಹೋದ. ಸೋಪು, ಎಣ್ಣೆಗಳಿಗೆ ಬಗ್ಗದ್ದು ಸಣ್ಣ ಇಕ್ಕಳಕ್ಕೆ ಅರ್ಧ ನಿಮಿಷದಲ್ಲಿ ಬಗ್ಗಿತು. ಹೆಂಡತಿ ಜೋಪಾನವಾಗಿಟ್ಟಿದ್ದ ಹಳೇ ಚೀಟಿಯನ್ನೂ ಅವನು ಜೇಬಿನಲ್ಲಿ ಒಯ್ದಿದ್ದ. ಚೀಟಿಯ ಪ್ರಕಾರ ಉಂಗುರ ನಾಲ್ಕು ಗ್ರಾಂ. ಈಗಲೂ ನಾಲ್ಕೇ ಇದ್ದರೆ ಅದು ಯಾರ ಕಲ್ಲಿಗೂ ಏನೂ ಕೊಟ್ಟಿಲ್ಲವೆಂದು ಸಾಬೀತಾಗುತ್ತದೆ ಎನ್ನುವುದು ಅವನ ಲೆಕ್ಕ.

ಅಕ್ಕಸಾಲಿಗ ತೂಗಿದ. "ಮೂರು ಪಾಯಿಂಟ್ ಆರು ಒಂದು."

"ಇನ್ನೊಂದ್ಸಲ ಇಡಿ."

"ಎಷ್ಟು ಸಲ ಇಟ್ರೂ ಅಷ್ಟೇ. ಬಡಗಿ ಕೈ ಅಂತೀರಿ, ಮೂವತ್ತು ವರ್ಷ ಅಂತೀರಿ. ಸವೆಯಲ್ವಾ? ಹೆಂಗಸರ ಬಳೆನೇ ಸವೆಯುತ್ತೆ."

"ಎಲ್ಲಿಗೆ ಹೋಗುತ್ತೆ ಅದು?"

ಅಕ್ಕಸಾಲಿಗನನ್ನು ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ಎಲ್ಲೆಲ್ಲಿ ಕೈ ಇಟ್ರೋ ಅಲ್ಲಿಗೆ," ಎಂದ.

ಮುನ್ನೂರ ತೊಂಬತ್ತು ಮಿಲಿಗ್ರಾಂ. ಮರುದಿನ ವಿಷಯ ತಿಳಿದ ಪುಟ್ಟಿ ಮನಸ್ಸಿನಲ್ಲೇ ಭಾಗಿಸಿದಳು: ನೂರ ತೊಂಬತ್ತೈದು ಸೊಳ್ಳೆಗಳು, ಮೂವತ್ತೊಂದು ವರ್ಷದಲ್ಲಿ ಹಾರಿಹೋಗಿದ್ದವು. ಅವುಗಳಲ್ಲಿ ಒಂದಾದರೂ ಮುನ್ನೂರ ಹನ್ನೆರಡನೆಯ ಮೀಟರಿನ ಮೇಲೆ ಕುಳಿತಿಲ್ಲವೆಂದು ಹೇಳುವುದು ಹೇಗೆ? ಮಾವ ಆ ಚೀಟಿಯನ್ನೂ ಹೊಸ ತೂಕವನ್ನೂ ಬೆಳಿಗ್ಗೆ ತಾನೇ ಅಧಿಕಾರಿಯ ಮೇಜಿನ ಮೇಲೆ ಇಟ್ಟುಬಂದಿದ್ದ. ಬೇಡವೆಂದು ಯಾರಾದರೂ ತಡೆಯುವ ಮೊದಲೇ ಅದಕ್ಕೆ ಪುಟದ ಸಂಖ್ಯೆ ಬಿದ್ದಿತ್ತು.

ಎರಡು ವಾರದ ಮೇಲೆ ಇನ್ನೊಂದು ಅರ್ಧದ ಫಲಿತಾಂಶ ಬಂತು. ಅಲ್ಲಿಯವರೆಗೆ ಮಾವ ಶೆಡ್ಡಿನೊಳಗೆ ಕಾಲಿಡಕೂಡದೆಂದು ಅಧಿಕಾರಿ ತಡೆದಿದ್ದರು. ಟನ್ನಿಗೆ ಸೊನ್ನೆ ಪಾಯಿಂಟ್ ಆರು ಗ್ರಾಂ. ಅಂದರೆ ಏನೂ ಇಲ್ಲ.

ಪುಟ್ಟಿ ಊಟದ ಕೋಣೆಯಲ್ಲಿ ಹಾಳೆಯನ್ನು ಎದುರಿಗಿಟ್ಟುಕೊಂಡು ಕುಳಿತಿದ್ದಳು. ಬೇರೆ ಯಾರೂ ಇರಲಿಲ್ಲ. ಮಾವ ಬಂದು ಎದುರು ಕುಳಿತ. ಬೆರಳಿನಲ್ಲಿ ಉಂಗುರವಿದ್ದ ಜಾಗ ಮೆತ್ತಗೆ, ಬೆಳ್ಳಗೆ, ಬೇರೆ ಯಾರದೋ ಬೆರಳಿನಂತೆ ಕಾಣುತ್ತಿತ್ತು.

"ಪುಟ್ಟಿ, ಅದು ಹಂಗೇ ಬರಬೇಕು. ನಾನು ಅದರಲ್ಲಿ ಏನೂ ಉಳಿಸಿರ್ಲಿಲ್ಲ."

"ಯಾವುದರಲ್ಲಿ?"

"ಟ್ರೇಯಲ್ಲಿ. ಕಪ್ಪು ಗೆರೆ ಇರೋದನ್ನೆಲ್ಲ ಆರಿಸಿ ಚೀಲಕ್ಕೆ ಹಾಕ್ದೆ. ಒಂದು ಚೂರೂ ಬಿಡ್ಲಿಲ್ಲ. ನಿನಗೆ ಬೇಕಾಗಿರೋದು ಅದೇ ಅಂದಿದ್ಯಲ್ಲ." ಅವನು ಮೇಜಿನ ಮೇಲೆ ಬಿದ್ದಿದ್ದ ಅಗುಳುಗಳನ್ನು ಒಂದೊಂದಾಗಿ ಒಂದೆಡೆ ಸೇರಿಸಿದ. "ಒಂಬತ್ತು ವರ್ಷದಿಂದ ಕಾಯ್ತಿದ್ಯಲ್ಲ, ಎಲ್ಲಾದ್ರೂ ಟ್ರೇಯಲ್ಲೇ ಉಳಿದುಬಿಟ್ರೆ ಅಂತ."

ಪುಟ್ಟಿ ಬೈಯಲು ಬಾಯಿ ತೆರೆದಳು; ಬಂದದ್ದು ನಗು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಅನುಮಾನವಿಲ್ಲದೆ ಗೊತ್ತಾಗಿತ್ತು: ಚಿನ್ನ ಇದೆ. ಕಪ್ಪು ಹೋದ ಕಡೆ ಚಿನ್ನ ಹೋಗಿದೆ, ಬಿಳಿ ಉಳಿದ ಕಡೆ ಇಲ್ಲ. ಎರಡೂ ಅರ್ಧ ಸೇರಿಸಿದರೂ ಟನ್ನಿಗೆ ಇಪ್ಪತ್ತು. ನೀರು ಅವಳು ಹೇಳಿದ ಜಾಗದಲ್ಲೇ ಕುದಿದಿತ್ತು. ಅದಕ್ಕಿದ್ದ ಒಂದೇ ಒಂದು ಸಾಕ್ಷಿ, ಕೂಡದ ಕೆಲಸ ಮಾಡಿದ್ದಾಗಿ ಮಾವ ಒಪ್ಪಿಕೊಳ್ಳುವುದು.

"ನಾನೇ ಹೋಗಿ ಹೇಳ್ತೀನಿ," ಎಂದ ಮಾವ. "ನನ್ನ ಕೆಲಸ ಹೋದ್ರೆ ಹೋಗ್ಲಿ. ಬಡಗಿಗೆ ಕೆಲಸಕ್ಕೆ ಬರವೇ?"

"ನಿನ್ನ ಕೆಲಸದ ಪ್ರಶ್ನೆ ಅಲ್ಲ ಮಾವ. ನೀನು ಒಂದು ಕಡೆ ಕೈಯಲ್ಲಿ ಆರಿಸಿದೀಯ ಅಂದ್ರೆ, ಎಲ್ಲಾ ಕಡೆ ಆರಿಸಿರಬಹುದು ಅಂತಾರೆ."

"ಎಲ್ಲಾ ಕಡೆ ಆರಿಸಿಲ್ಲ."

"ನನಗೆ ಗೊತ್ತು."

ಹೇಳದಿದ್ದರೆ ಅದು ಉಂಗುರದ ಚಿನ್ನ. ಹೇಳಿದರೆ ಆರಿಸಿದ ಚಿನ್ನ. ಗುಡ್ಡದ ಚಿನ್ನ ಆಗುವ ದಾರಿ ಅವಳಿಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಇಬ್ಬರೂ ಎದ್ದು ಅಧಿಕಾರಿಯ ಕೋಣೆಗೆ ಹೋದರು. ಮಾವ ಎಲ್ಲವನ್ನೂ ಹೇಳಿದ, ಕೈಗವಸು ಕಳಚಿದ್ದನ್ನೂ ಬಿಡಲಿಲ್ಲ. ಅಧಿಕಾರಿ ಒಂದೊಂದು ಮಾತನ್ನೂ ಬರೆದುಕೊಂಡು, ಪೆನ್ನು ಮುಚ್ಚಿ, ಪುಟ್ಟಿಯ ಕಡೆ ತಿರುಗಿದರು.

"ಮೇಡಮ್, ನಿಮ್ಮ ಗುಡ್ಡದಲ್ಲಿ ಚಿನ್ನ ಇದೆ ಅಂತ ನನಗೂ ಅನ್ಸುತ್ತೆ. ಯಜಮಾನರು ಹೇಳಿದ್ದು ನಿಜ ಅಂತಲೂ ಅನ್ಸುತ್ತೆ."

"ಹಾಗಂತ ಬರೀರಿ ಸಾರ್."

"ಅನ್ಸಿದ್ದನ್ನ ಬರೆಯೋ ಹಾಗಿಲ್ಲ ನಾನು."

"ಪಕ್ಕದಲ್ಲಿ ಇನ್ನೊಂದು ಕೊರೆಯಲಿ. ಒಂದೇ ಒಂದು. ಗೂಟ ಹೊಡೆದಾಗಿದೆ. ನಮ್ಮವರು ಯಾರೂ ಮುಟ್ಟೋದು ಬೇಡ, ನಿಮ್ಮ ಜನಾನೇ ಕೊಯ್ಯಲಿ."

"ಕೊರೆಯಬೇಕು ಅಂದ್ರೆ ಹನ್ನೆರಡನೇದರಲ್ಲಿ ಸಿಕ್ಕಿರಬೇಕು. ಅದು ನಿಮ್ಮ ಕಂಪನಿಯವರದೇ ಷರತ್ತು." ಅವರಿಗೆ ನಿಜವಾಗಿಯೂ ಬೇಸರವಾದಂತಿತ್ತು. "ಕಾಫಿ ತಗೊಳ್ತೀರಾ?"

ಇಬ್ಬರೂ ತೆಗೆದುಕೊಂಡರು. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಹೊರಗೆ ಬಂದಾಗ ಕೊರೆಯುವ ಯಂತ್ರದವರು ಆಗಲೇ ಉದ್ದನೆಯ ಕೊಳವೆಗಳನ್ನು ಬಿಚ್ಚಿ ಸಾಲಾಗಿ ಮಲಗಿಸುತ್ತಿದ್ದರು. ರಿಜಿಸ್ಟರಮ್ಮ ಬಾಗಿಲಲ್ಲಿ ಮಾವನನ್ನು ನಿಲ್ಲಿಸಿ, ಹಿಂದೆಂದೂ ಇಲ್ಲದ ಕಟ್ಟುನಿಟ್ಟಿನಿಂದ ಹತ್ತೂ ಬೆರಳುಗಳನ್ನು ನೋಡಿ, ಪುಸ್ತಕವನ್ನು ಮುಂದೆ ತಳ್ಳಿದಳು. ಮಾವ 'ಮೈಮೇಲೆ ಚಿನ್ನವಿಲ್ಲ' ಎಂಬಲ್ಲಿ ಗೀಟು ಹಾಕಿದ. ಆ ಪುಸ್ತಕದಲ್ಲಿ ಅವನು ಹಾಕಿದ ಮೊದಲ ನಿಜವಾದ ಗೀಟು ಅದು.

ತಿಂಗಳ ಕೊನೆಗೆ ಪತ್ರ ಬಂತು. ಹನ್ನೆರಡನೆಯ ರಂಧ್ರದ ಎಲ್ಲ ಫಲಿತಾಂಶಗಳನ್ನೂ ಲೆಕ್ಕದಿಂದ ಕೈಬಿಡಲಾಗಿತ್ತು. ಯಂತ್ರ ಶುಕ್ರವಾರ ಲಾರಿ ಹತ್ತಿತು. ರಂಧ್ರವನ್ನು ಸಿಮೆಂಟು ಹಾಕಿ ಮುಚ್ಚಿದರು.